ಮೂರು ಸಲ ಬೇಡ ಎಂದವರು

ನಮ್ಮ ಅಜ್ಜಯ್ಯನಿಗೆ ಸ್ವೀಡನ್ನಿನಲ್ಲಿ ಒಬ್ಬರೇ ಒಬ್ಬರು ಗೆಳೆಯರಿದ್ದರು. ಆ ಗೆಳೆತನವನ್ನು ಮುರಿದವಳು ನಾನು. ಜಗಳ ತಂದಿಟ್ಟು ಮುರಿಯಲಿಲ್ಲ, ಚಾಡಿ ಹೇಳಿ ಮುರಿಯಲಿಲ್ಲ. ಒಂದು ಶಾಲು, ಒಂದು ಮೈಸೂರು ಪೇಟ, ಒಂದು ತಟ್ಟೆ ಹಣ್ಣು, ಮತ್ತೆ ನಾನೇ ಎರಡು ಸಂಜೆ ಕೂತು ಬರೆದ ಸನ್ಮಾನ ಪತ್ರ, ಇಷ್ಟರಿಂದ ಮುರಿದೆ. ಸನ್ಮಾನ ಮಾಡಿ ಮನುಷ್ಯನನ್ನು ಹಾಳು ಮಾಡಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಅಜ್ಜಯ್ಯ ಹೋಗಿ ಎರಡು ವರ್ಷವಾಯಿತು. ಆ ಸನ್ಮಾನ ಪತ್ರದಲ್ಲಿ ನಾನು ಬರೆದದ್ದರಲ್ಲಿ ಅವರ ಹೆಸರು ಮತ್ತು ಹುಟ್ಟಿದ ಊರು ಬಿಟ್ಟರೆ ಬೇರೇನೂ ಸರಿಯಿರಲಿಲ್ಲ. ಈಗ ಸರಿಯಾಗಿ ಬರೆಯುತ್ತಿದ್ದೇನೆ. ಕೇಳುವವರು ಇಲ್ಲದ ಮೇಲೆ ಬರೆದು ಏನು ಪ್ರಯೋಜನ ಎಂದರೆ, ಏನೂ ಇಲ್ಲ.

ಬಾಲಚಂದ್ರ ಎಂದು ಅವರ ಹೆಸರು. ಬೈಂದೂರಿನವರು. ಚೀನಾ ಯುದ್ಧ ಮುಗಿದ ವರ್ಷ, ಇಪ್ಪತ್ತರ ವಯಸ್ಸಿನಲ್ಲಿ, ಮಂಗಳೂರಿಗೆ ಹೋಗಿ ಎದೆಯ ಅಳತೆ ಕೊಟ್ಟು ಮಿಲಿಟರಿಗೆ ಸೇರಿದರು. ದೇಶಪ್ರೇಮಕ್ಕೆ ಸೇರಿದರು ಎಂದು ನಾನು ಸನ್ಮಾನ ಪತ್ರದಲ್ಲಿ ಬರೆದಿದ್ದೆ. ನಿಜವೇನೆಂದರೆ, ಮನೆಯಲ್ಲಿ ಅಣ್ಣಂದಿರು ನಾಲ್ವರು, ದೋಣಿ ಒಂದೇ. ಮಿಲಿಟರಿಯಲ್ಲಿ ಅವರಿಗೆ ಲಾರಿ ಓಡಿಸಲು ಕಲಿಸಿದರು. ಇಪ್ಪತ್ತೆಂಟು ವರ್ಷ ಅಕ್ಕಿ, ಬೇಳೆ, ನೀರು, ಡೀಸೆಲ್, ಮದ್ದುಗುಂಡು ಸಾಗಿಸಿದರು. ಕೊನೆಗೆ ನಾಯಬ್ ಸುಬೇದಾರರಾಗಿ ಲಾರಿಗಳ ಸಾಲಿಗೆ ಉಸ್ತುವಾರಿಯಾದರು. ಡ್ರೈವರ್ ಕಮ್ಮಿಯಾದ ದಿನ ತಾವೇ ಸ್ಟಿಯರಿಂಗ್ ಹಿಡಿಯುತ್ತಿದ್ದರು. ಎಂಬತ್ತೇಳರಲ್ಲಿ ಶ್ರೀಲಂಕೆಗೆ ಶಾಂತಿಪಾಲನೆಗೆಂದು ಹೋದ ಭಾರತದ ಸೈನ್ಯದಲ್ಲಿ ಅವರ ಲಾರಿಯೂ ಇತ್ತು. ಅಲ್ಲಿನ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಅಂತರ್ಯುದ್ಧ ಅದು. ನಿಲ್ಲಿಸಲು ಹೋದವರೇ ಮೂರು ತಿಂಗಳಲ್ಲಿ ಹೋರಾಟಗಾರರ ಎದುರಾಳಿಗಳಾಗಿ ಆ ಯುದ್ಧದೊಳಗೆ ಸಿಕ್ಕಿಬಿದ್ದರು. ತೊಂಬತ್ತರಲ್ಲಿ ಹಡಗು ಮದರಾಸಿಗೆ ವಾಪಸು ಬಂದಾಗ ಇವರಿಗಾಗಿ ಕಾದವರು ಯಾರೂ ಇರಲಿಲ್ಲ. ರೈಲು ಹತ್ತಿ, ಬಸ್ಸು ಹತ್ತಿ, ಹೆಗಲ ಮೇಲೆ ಟ್ರಂಕು ಹೊತ್ತು ಮನೆಯಂಗಳಕ್ಕೆ ಬಂದರಂತೆ. ಅಮ್ಮಮ್ಮ ಶಕುಂತಲಾ ದೋಸೆ ಹುಯ್ಯುತ್ತಿದ್ದವರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಬಂದ್ರ್ಯಾ?" ಎಂದರಂತೆ. ಅವರಿಗೆ ಸಿಕ್ಕ ಸ್ವಾಗತ ಅಷ್ಟು.

ಆ ವರ್ಷವೇ ನಾನು ಹುಟ್ಟಿದ್ದು. ಅಪ್ಪ ಅಮ್ಮ ಹುಬ್ಬಳ್ಳಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಗು ಬೆಳೆಸುವುದು ಬೇಡವೆಂದು ನನ್ನನ್ನು ಬೈಂದೂರಿನಲ್ಲಿ ಬಿಟ್ಟರು. ನನಗೆ ತಿಳಿವು ಬಂದಾಗ ಅಜ್ಜಯ್ಯ ಕುಂದಾಪುರ–ಬೈಂದೂರು ಬಸ್ಸಿನ ಡ್ರೈವರ್. ಊರಿಗೆಲ್ಲ ಮಾತ್ರ 'ಮಿಲಿಟರಿ ಬಾಲಣ್ಣ'. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಹೆಡ್‌ಮಾಸ್ಟರು ಧ್ವಜ ಹಾರಿಸಲು ಇವರನ್ನು ಕರೆಯುವುದು, ಪ್ರತಿ ಹದಿನಾಲ್ಕರ ಸಂಜೆ ಇವರಿಗೆ ಜ್ವರ ಬರುವುದು. "ನಿಮ್ ಜ್ವರಕ್ಕೆ ಕ್ಯಾಲೆಂಡರ್ ಓದುಕ್ ಬತ್ತ್ ಕಾಣಿ," ಎಂದು ಅಮ್ಮಮ್ಮ ಹಂಗಿಸುತ್ತಿದ್ದರು. ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಬೇರೆ ಮಕ್ಕಳ ಎದುರು ನನ್ನ ಅಜ್ಜ ಪದಕ ಹಾಕಿಕೊಂಡು ನಿಲ್ಲಬೇಕೆಂಬ ಆಸೆ ನನಗೆ. ಆ ಆಸೆ ಮೂವತ್ಮೂರು ವರ್ಷದವರೆಗೂ ನನ್ನೊಳಗೆ ಕೂತಿತ್ತು ಎಂದು ಈಗ ಗೊತ್ತಾಗುತ್ತಿದೆ. ಯಾಕೆ ಜ್ವರ ಬರುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ನಾನು ಸ್ವೀಡನ್ನಿಗೆ ಬಂದದ್ದು ಪಿಎಚ್‌ಡಿಗೆ, ಫ್ಲೆಮಿಂಗ್ಸ್‌ಬೆರ್ಯ್‌ನ ಮೆಡಿಕಲ್ ಯೂನಿವರ್ಸಿಟಿಗೆ. ಮರುವರ್ಷ ಅಮ್ಮಮ್ಮ ತೀರಿಕೊಂಡರು. ಆಮೇಲೆ ಪ್ರತಿ ಬೇಸಿಗೆ ಅಜ್ಜಯ್ಯನನ್ನು ಮೂರು ತಿಂಗಳ ವೀಸಾದಲ್ಲಿ ಕರೆಸಿಕೊಳ್ಳುತ್ತಿದ್ದೆ. ಕೊರೊನಾದ ಎರಡು ವರ್ಷ ಬಿಟ್ಟರೆ ಆರು ಬೇಸಿಗೆ ಬಂದರು. ಬೆಳಿಗ್ಗೆ ನಾನು ಲ್ಯಾಬಿಗೆ, ಗಂಡ ಕಾರ್ತಿಕೇಯ ರೈಲು ಹಿಡಿದು ಕಿಸ್ಟಾದ ಆಫೀಸಿಗೆ, ಆಮೇಲಾಮೇಲೆ ಮಗಳು ಚಾರ್ವಿ ದಾಗಿಸ್ ಎನ್ನುವ ಶಿಶುವಿಹಾರಕ್ಕೆ. ಮನೆಯಲ್ಲಿ ಅಜ್ಜಯ್ಯ ಒಬ್ಬರೇ. ಮೊದಲ ಬೇಸಿಗೆಯ ಎರಡು ವಾರ ಅವರು ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಬಸ್ಸುಗಳನ್ನು ಎಣಿಸಿದರು. ಮೂರನೆಯ ವಾರ ಒಂದು ಸಂಜೆ ನಾನು ಬಂದಾಗ ಮೇಜಿನ ಮೇಲೆ ಎರಡು ಹಾಗಲಕಾಯಿ ಇದ್ದವು.

"ಇದೆಲ್ಲಿ ಸಿಕ್ತು ಅಜ್ಜಯ್ಯ?"

"ಕುಗದಾಸನ್ ಕೊಟ್ಟ. ಅವ್ನೂ ಬಸ್ ಡ್ರೈವರ್ ಕಾಣ್," ಎಂದರು. ಅಷ್ಟು ಖುಷಿಯ ದನಿಯನ್ನು ಅಮ್ಮಮ್ಮ ಹೋದ ಮೇಲೆ ನಾನು ಕೇಳಿರಲಿಲ್ಲ.

ರೈಲು ಹಳಿಯ ಆಚೆ ಇಲ್ಲಿನ ನಗರಸಭೆ, ಅಂದರೆ ಕಮ್ಯೂನ್‌ನವರು ಬಾಡಿಗೆಗೆ ಕೊಡುವ ತುಂಡು ತೋಟಗಳಿವೆ. ಅಲ್ಲೊಂದು ಗಾಜಿನ ಗೂಡಿನಲ್ಲಿ ಹಾಗಲ, ಬಸಳೆ, ಹಸಿಮೆಣಸು ಬೆಳೆಸುತ್ತಿದ್ದವರು ಕುಗದಾಸನ್. ಶ್ರೀಲಂಕೆಯ ತಮಿಳರು, ಅಜ್ಜಯ್ಯನಿಗಿಂತ ಹದಿಮೂರು ವರ್ಷ ಕಿರಿಯರು. ಎಂಬತ್ತೆಂಟರಲ್ಲಿ ಇಲ್ಲಿಗೆ ಬಂದು, ಭಾಷೆ ಕಲಿತು, ಸ್ಟಾಕ್‌ಹೋಮಿನ ದಕ್ಷಿಣದ ರೂಟುಗಳಲ್ಲಿ ಬಸ್ಸು ಓಡಿಸುತ್ತಿದ್ದರು. ಇಬ್ಬರೂ ತಮಿಳಿನಲ್ಲಿ ಮಾತಾಡುತ್ತಿದ್ದರು. ನನಗೆ ತಮಿಳು ಬರುವುದಿಲ್ಲ. ಒಂದೆರಡು ಸಲ ಹೋಗಿ ಕೂತಾಗ ಕೇಳಿಸಿದ್ದೆಲ್ಲ ಕ್ಲಚ್ಚು, ಗೇರು, ಬ್ರೇಕು, ಹಿಮದಲ್ಲಿ ಬಸ್ಸು ಜಾರಿದ ಕತೆ. ಅಜ್ಜಯ್ಯನಿಗೆ ತಮಿಳು ಎಲ್ಲಿಂದ ಬಂತು ಎಂದು ಅವರು ಕೇಳಿದ್ದಕ್ಕೆ, ಮಂಗಳೂರು ಬಂದರಿಗೆ ಬರುವ ತೂತುಕುಡಿಯ ಲಾರಿಯವರಿಂದ ಎಂದು ಇವರು ಹೇಳಿದ್ದರಂತೆ. ತಾನು ಬಸ್ ಡ್ರೈವರ್ ಎಂದಷ್ಟೇ ಹೇಳಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅಜ್ಜಯ್ಯ ಬರುವ ಹೊತ್ತಿಗೆ ಕುಗದಾಸನ್ ಅವರು ಗಾಜಿನ ಗೂಡಿನ ಒಂದು ಮೂಲೆಯ ಮಣ್ಣನ್ನು ಖಾಲಿ ಇಟ್ಟಿರುತ್ತಿದ್ದರು. ಅಜ್ಜಯ್ಯ ಊರಿಂದ ಕಾಗದದಲ್ಲಿ ಸುತ್ತಿ ತಂದ ಹರಿವೆ ಬೀಜ ಅಲ್ಲಿ ಬಿತ್ತುತ್ತಿದ್ದರು. ಬೈಂದೂರಿನಲ್ಲಿ ಒಂಬತ್ತು ತಿಂಗಳು ಅವರು ಬದುಕುತ್ತಿದ್ದದ್ದೇ ಈ ಮೂರು ತಿಂಗಳಿಗಾಗಿ. ಫೋನಿನಲ್ಲಿ ಮೊಮ್ಮಗಳ ಆರೋಗ್ಯ, ಮರಿಮೊಮ್ಮಗಳ ಆರೋಗ್ಯ ಕೇಳಿದ ಮೇಲೆ, "ಕುಗದಾಸನ್ ಕಾಂಬುಕ್ ಸಿಕ್ಕಿದ್ನಾ?" ಎಂದು ಕೇಳದೆ ಇಡುತ್ತಿರಲಿಲ್ಲ.

ಇಪ್ಪತ್ತಮೂರರ ಆಗಸ್ಟಿನಲ್ಲಿ ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಹಯವದನ ಫೋನು ಮಾಡಿದರು. ಉಪ್ಸಾಲಾದಲ್ಲಿ ಸಂಶೋಧಕರು, ಒಳ್ಳೆಯ ಮನುಷ್ಯರೇ. ಮೈಕು ಕಂಡರೆ ಮಾತ್ರ ಬಿಡುವವರಲ್ಲ.

"ಲಾವಣ್ಯಾ ಅವ್ರೇ, ಒಂದು ಎಮರ್ಜೆನ್ಸಿ. ಇಂಡಿಪೆಂಡೆನ್ಸ್ ಡೇ ಪ್ರೋಗ್ರಾಂಗೆ ಚೀಫ್ ಗೆಸ್ಟ್ ಕ್ಯಾನ್ಸಲ್ ಮಾಡ್ಬಿಟ್ರು. ಪೇಟ ಇದೆ, ಶಾಲು ಇದೆ, ತಲೆ ಇಲ್ಲ! ನಿಮ್ಮ ಅಜ್ಜ ಮಿಲಿಟರಿಯಲ್ಲಿ ಇದ್ರು ಅಲ್ವಾ?"

ನನ್ನೊಳಗಿನ ಎರಡನೇ ಕ್ಲಾಸಿನ ಹುಡುಗಿ ಎದ್ದು ಕೂತಳು. "ಹೌದು ಸರ್, ಲಂಕಾದಲ್ಲಿ ವಾರ್‌ನಲ್ಲಿ ಇದ್ರು," ಎಂದೆ.

"ಸೂಪರ್! ಸನ್ಮಾನ ಪತ್ರ ನೀವೇ ಬರೆದ್ಬಿಡಿ. ಸ್ವಲ್ಪ ರೋಮಾಂಚನ ಆಗೋ ಹಾಗಿರ್ಲಿ."

ಸಂಜೆ ಅಜ್ಜಯ್ಯನಿಗೆ ಹೇಳಿದೆ. ಅವರು ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. "ಬ್ಯಾಡ ಮಾರಾಯ್ತಿ. ನಂಗೆ ಅದೆಲ್ಲ ಆತಿಲ್ಲೆ," ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಸನ್ಮಾನ ಬೇಡ ಎನ್ನುವುದು ನಮ್ಮಲ್ಲಿ ಸನ್ಮಾನದ ಮೊದಲ ಭಾಗ. ಕರೆದ ಕೂಡಲೇ ಎಷ್ಟು ಗಂಟೆಗೆ ಬರಲಿ ಎಂದವರನ್ನು ಜನ ಆಡಿಕೊಳ್ಳುತ್ತಾರೆ. ನಾನೆಷ್ಟರವನು, ನನಗೆ ಯಾವ ಅರ್ಹತೆ ಎಂದು ಎರಡು ಸಲವಾದರೂ ಹೇಳಬೇಕು, ಕರೆಯುವವರು ಬಿಡಬಾರದು, ಮೂರನೆಯ ಸಲಕ್ಕೆ ತಲೆಯಾಡಿಸಬೇಕು. ಮನೆಗೆ ಬಂದವರು ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೆ ನಾವು ಬಡಿಸುವುದನ್ನು ನಿಲ್ಲಿಸುತ್ತೇವೆಯೇ? ಸ್ವೀಡನ್ನಿನವರು ನಿಲ್ಲಿಸುತ್ತಾರೆ. ನಾನು ಲ್ಯಾಬಿಗೆ ಸೇರಿದ ಮೊದಲ ವಾರ ಫೀಕಾ ಎನ್ನುವ ಕಾಫಿ ಹೊತ್ತಿನಲ್ಲಿ ಬನ್ ಬೇಕಾ ಎಂದು ಕೇಳಿದಾಗ ನಾಚಿಕೊಂಡು ಬೇಡ ಎಂದಿದ್ದೆ. ತಟ್ಟೆ ಮುಂದಕ್ಕೆ ಹೋಯಿತು, ಮತ್ತೆ ನನ್ನ ಕಡೆ ಬರಲೇ ಇಲ್ಲ. ಎಂಥ ಮರ್ಯಾದೆ ಗೊತ್ತಿಲ್ಲದ ಜನ ಎಂದು ಅಮ್ಮನಿಗೆ ಫೋನು ಮಾಡಿ ಬೈದಿದ್ದೆ. ಆ ಮರ್ಯಾದೆ ಗೊತ್ತಿಲ್ಲದ ಜನರಲ್ಲಿ ಒಬ್ಬರು ಅಜ್ಜಯ್ಯನನ್ನು ಸನ್ಮಾನಕ್ಕೆ ಕರೆದಿದ್ದರೆ ಅವರ ಗೆಳೆತನ ಉಳಿಯುತ್ತಿತ್ತು.

ಎರಡನೆಯ ಸಲ ಕೇಳಿದಾಗ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, ನನ್ನ ಮುಖ ನೋಡಿ ಹೇಳಿದರು: "ಒಂದ್ಸಲ ಹಾರ ಹಾಕ್ಸ್ಕಂಡಿದ್ದೆ ಲಾವಣ್ಯಾ. ಅದೇ ಸಾಕ್."

ನನಗೆ ಎಷ್ಟು ಹಿಡಿಸಿತು ಆ ಮಾತು! ಕಾರ್ತಿಕೇಯನಿಗೆ ಹೇಳಿದೆ, ಹಯವದನರಿಗೆ ಹೇಳಿದೆ. ಎಂಥ ವಿನಯ, ಎಂಥ ಹಿರಿತನ ಎಂದು ಎಲ್ಲರೂ ತಲೆದೂಗಿದರು. ಅದನ್ನು ಸನ್ಮಾನ ಪತ್ರದಲ್ಲೂ ಸೇರಿಸಿದೆ. ಆ ಹಾರ ಯಾವುದು, ಹಾಕಿದವರು ಯಾರು ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ, ತಲೆದೂಗಿದವರಲ್ಲಿ ಒಬ್ಬರಿಗೂ ಬರಲಿಲ್ಲ.

ಮೂರನೆಯ ಸಲ ಅವರೇ ಬಂದರು. "ಟಿಕೇಟ್ ಸ್ವಲ್ಪ ಮುಂಚೆ ಮಾಡುಕ್ ಆತ್ತಾ? ಹದಿನೈದಕ್ಕೆ ಮೊದ್ಲೇ ಊರಿಗ್ ಹೋತೆ." ನಾನು ಜೋರಾಗಿ ನಕ್ಕೆ. "ಹದಿನಾಲ್ಕನೇ ತಾರೀಕು ಜ್ವರ ಬರುತ್ತಾ ಅಜ್ಜಯ್ಯ?" ಎಂದು ಚುಡಾಯಿಸಿದೆ. ಅವರು ನಗಲಿಲ್ಲ. ನಾನು ಅವರ ಹೆಗಲು ಹಿಡಿದು, "ನನಗೋಸ್ಕರ, ಒಂದೇ ಸಲ," ಎಂದೆ. ಸಾಕಿದ ಮೊಮ್ಮಗಳಿಗೆ ಇಲ್ಲವೆನ್ನಲು ಅವರಿಗೆ ಬರುತ್ತಿರಲಿಲ್ಲ. ತಲೆಯಾಡಿಸಿದರು. ಮೂರು ಸಲಕ್ಕೆ ಒಪ್ಪಿದರು, ಪದ್ಧತಿ ಪ್ರಕಾರವೇ ಆಯಿತು ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನನಗೆ ಇನ್ನೂ ಒಂದು ಯೋಚನೆ ಬಂತು: ಶಾಲು ಹೊದಿಸುವವರು ಕುಗದಾಸನ್ ಆದರೆ ಹೇಗೆ? ಭಾರತದ ಸೈನ್ಯ ಲಂಕೆಗೆ ಹೋದದ್ದು ತಮಿಳರನ್ನು ಕಾಪಾಡಲು ಎಂದು ಎಲ್ಲೋ ಓದಿದ್ದೆ. ಅದರ ಮುಂದಿನ ಪುಟ ಓದಿರಲಿಲ್ಲ. ಕಾಪಾಡಿಸಿಕೊಂಡವರೇ ಕಾಪಾಡಿದವರಿಗೆ ಶಾಲು ಹೊದಿಸಿದರೆ ಸಭೆಯೇ ಎದ್ದು ನಿಲ್ಲುತ್ತದೆ ಎಂದುಕೊಂಡೆ. ಅಜ್ಜಯ್ಯನಿಗೆ ಗುಟ್ಟಾಗಿಟ್ಟು ತೋಟಕ್ಕೆ ಹೋಗಿ ಸ್ವೀಡಿಷ್‌ನಲ್ಲಿ ಕೇಳಿದೆ: ನಮ್ಮ ಅಜ್ಜನಿಗೆ ಸನ್ಮಾನವಿದೆ, ನೀವೇ ಶಾಲು ಹೊದಿಸಬೇಕು. ಯಾಕೆ ಸನ್ಮಾನ ಎಂದು ಅವರು ಕೇಳಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅವರಿಗೆ ಸಂತೋಷವಾಗುವುದಾದರೆ ಬರುತ್ತೇನೆ," ಎಂದರು.

ಹದಿನೈದರ ನಂತರದ ಶನಿವಾರ, ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ನೂರಿಪ್ಪತ್ತು ಜನ. ಮಕ್ಕಳ ನೃತ್ಯ ಮುಗಿಯಿತು. ಅಜ್ಜಯ್ಯನನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿ ತಲೆಗೆ ಪೇಟ ಇಟ್ಟರು. ನಮ್ಮ ಕೂಟದಲ್ಲಿ ಇರುವುದು ಒಂದೇ ಪೇಟ. ಫೋಟೊ ಆದ ಮೇಲೆ ತೆಗೆದು ಮುಂದಿನ ತಲೆಗೆ ಎತ್ತಿಡುತ್ತಾರೆ. ಆಮೇಲೆ ಹಯವದನರು ಕರೆದರು: "ಶಾಲು ಹೊದಿಸೋದಕ್ಕೆ ಬಾಲಚಂದ್ರ ಅವರ ಆತ್ಮೀಯ ಮಿತ್ರರು, ಶ್ರೀ ಕುಗದಾಸನ್!"

ಅವರು ಕೋಟು, ಟೈ ಹಾಕಿಕೊಂಡು ಬಂದಿದ್ದರು. ಅಜ್ಜಯ್ಯ ಅವರನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದರು. ಹಯವದನರು ಭುಜ ಒತ್ತಿ ಕೂರಿಸಿದರು. "ಮೊದಲು ಸನ್ಮಾನ ಪತ್ರ ಕೇಳೋಣ," ಎಂದು ಮೈಕು ಹತ್ತಿರ ಎಳೆದುಕೊಂಡರು. ಕುಗದಾಸನ್ ಅವರು ಮಡಿಸಿದ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತರು.

ನಾನು ಬರೆದದ್ದನ್ನು ಹಯವದನರು ಯುದ್ಧಭೂಮಿಯಲ್ಲಿ ನಿಂತವರ ಹಾಗೆ ಓದಿದರು. "ಸಾವಿರದ ಒಂಬೈನೂರ ಎಂಬತ್ತೇಳು! ಶ್ರೀಲಂಕೆಯ ಜಾಫ್ನಾ! ಶತ್ರುಗಳ ಎದೆ ನಡುಗಿಸಿದ ಕಡಲತಡಿಯ ಕಲಿ! ಹೀಗಿದ್ದೂ, 'ಒಮ್ಮೆ ಹಾರ ಹಾಕಿಸಿಕೊಂಡಿದ್ದೇನೆ, ಸಾಕು' ಎನ್ನುವ ನಿಗರ್ವಿ!" ಕುಗದಾಸನ್ ಅವರಿಗೆ ಕನ್ನಡ ಬರುವುದಿಲ್ಲ. ಜಾಫ್ನಾ ಎಂಬುದು ಅವರ ಊರ ಸೀಮೆಯ ಹೆಸರು, ಅದಕ್ಕೆ ಕನ್ನಡ ಬರಬೇಕಾಗಿಲ್ಲ. ಶತ್ರು ಎಂಬ ಮಾತು ತಮಿಳಿನಲ್ಲೂ ಇದೆಯಂತೆ. ಅದೂ ಸಾಲದೆ, ಸಭೆಯಲ್ಲಿದ್ದ ಇಬ್ಬರು ಸ್ವೀಡಿಷ್ ಅತಿಥಿಗಳಿಗಾಗಿ ಹಯವದನರು ಇಂಗ್ಲಿಷಿನಲ್ಲಿ ಇನ್ನೊಂದು ಸಲ ಹೇಳಿದರು.

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕುಗದಾಸನ್ ಶಾಲು ಬಿಡಿಸಿದರು, ಅಜ್ಜಯ್ಯನ ಹೆಗಲಿಗೆ ಹೊದಿಸಿದರು, ಒಂದು ತುದಿ ಜಾರಿದ್ದನ್ನು ಸರಿಮಾಡಿದರು. ಕೈ ಮುಗಿದರು. ವೇದಿಕೆ ಇಳಿದು, ಕುರ್ಚಿ ಸಾಲುಗಳ ನಡುವೆ ನಡೆದು, ಬಾಗಿಲು ತೆಗೆದು ಹೊರಗೆ ಹೋದರು. ಅಜ್ಜಯ್ಯ ಏಳಲು ನೋಡಿದರು. "ಫೋಟೊ, ಫೋಟೊ! ಅಲುಗಾಡ್ಬೇಡಿ ಸರ್," ಎಂದು ಹಯವದನರು ಅವರ ತಲೆಯ ಪೇಟ ಹಿಡಿದುಕೊಂಡರು. ಆ ಫೋಟೊ ನನ್ನ ಹತ್ತಿರ ಇದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅಜ್ಜಯ್ಯ ಒಬ್ಬರು ಬಾಗಿಲು ನೋಡುತ್ತಿದ್ದಾರೆ.

ಮನೆಗೆ ಬರುವ ರೈಲಿನಲ್ಲಿ ಚಾರ್ವಿ ಸ್ವೀಡಿಷ್‌ನಲ್ಲಿ ಕೇಳಿದಳು, ಮುತ್ತಜ್ಜನಿಗೆ ಉಡುಗೊರೆ ಇಷ್ಟವಾಗಲಿಲ್ಲವಾ ಎಂದು.

ಮರುದಿನ ಬೆಳಿಗ್ಗೆ ಅಜ್ಜಯ್ಯ ತೋಟಕ್ಕೆ ಹೋದರು. ಗೇಟಿಗೆ ಬೀಗ ಇತ್ತು. ಸೋಮವಾರ ಹೋದರು, ಮಂಗಳವಾರ ಹೋದರು. ಗುರುವಾರ ಗೂಡಿನ ಹತ್ತಿರ ಯಾರೋ ಇದ್ದರಂತೆ, ಇವರು ಕರೆದರಂತೆ, ಒಳಗಿದ್ದವರು ತಿರುಗಿ ನೋಡದೆ ನೀರು ಹಾಕುತ್ತಲೇ ಇದ್ದರಂತೆ. ಆ ದಿನದಿಂದ ಅಜ್ಜಯ್ಯ ಮತ್ತೆ ಬಾಲ್ಕನಿಯಲ್ಲಿ ಕೂತರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಒಂದು ಮಾತು ಬೈದಿದ್ದರೆ ನಾನು ಇವತ್ತು ಇಷ್ಟು ಬರೆಯುತ್ತಿರಲಿಲ್ಲವೇನೋ.

ನಾನು ಕುಗದಾಸನ್ ಅವರ ಮನೆಗೆ ಹೋದೆ. ಒಳಗೆ ಕರೆದರು, ಕಾಫಿ ಕೊಟ್ಟರು, ಏಲಕ್ಕಿ ಬನ್ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ತಪ್ಪು ನನ್ನದು, ಅಜ್ಜನಿಗೆ ನೀವು ಬರುವುದು ಗೊತ್ತಿರಲಿಲ್ಲ, ಅವರು ಲಾರಿ ಡ್ರೈವರ್ ಅಷ್ಟೇ, ಪತ್ರದಲ್ಲಿದ್ದದ್ದೆಲ್ಲ ನನ್ನ ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿದೆ.

"ಅವರು ಮಿಲಿಟರಿಯವರು ಅಂತ ನನಗೆ ಎರಡನೇ ಬೇಸಿಗೆಯಲ್ಲೇ ಗೊತ್ತಾಗಿತ್ತು," ಎಂದರು ಸ್ವೀಡಿಷ್‌ನಲ್ಲಿ.

ನನಗೆ ಕೈಯಲ್ಲಿದ್ದ ಕಪ್ಪು ಎಲ್ಲಿಡಬೇಕೆಂದು ತೋಚಲಿಲ್ಲ.

"ನಾನು ಮೂವತ್ತು ವರ್ಷ ಬಸ್ಸು ಓಡಿಸಿದೆ. ಬಸ್ಸು ಹತ್ತಿದ ಇಂಡಿಯಾದವರು ನನ್ನ ಮುಖ ನೋಡಿ ಮೊದಲು ಕೇಳುವುದು, ಯಾವ ಊರು ನಿಮ್ಮದು? ನೀವೂ ಮೊದಲ ದಿನ ಕೇಳಿದಿರಿ. ಶ್ರೀಲಂಕಾ ಎಂದೆ, ಅಷ್ಟು ಸಾಕಾಯಿತು ನಿಮಗೆ. ನಿಮ್ಮ ಅಜ್ಜ ಅಷ್ಟೂ ಕೇಳಲಿಲ್ಲ. ಒಂದು ವರ್ಷ ಆಯಿತು, ಎರಡಾಯಿತು, ಕೇಳಲಿಲ್ಲ. ಕೇಳಿದರೆ ನಾನು ಊರಿನ ಹೆಸರು ಹೇಳುತ್ತೇನೆ, ಆ ಹೆಸರು ಅವರಿಗೆ ಗೊತ್ತಿರುತ್ತದೆ ಎನ್ನುವ ಭಯ. ಇನ್ನು ಯಾರಿಗೆ ಇರುತ್ತದೆ ಆ ಭಯ?" ಅವರು ಬನ್ನಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ನಾನೂ ಕೇಳಲಿಲ್ಲ. ಅವರು ಕೇಳದಿದ್ದದ್ದಕ್ಕೆ ನಾನೂ ಕೇಳಲಿಲ್ಲ. ತೋಟಕ್ಕೆ ಅಷ್ಟು ಸಾಕಿತ್ತು."

"ಹಾಗಾದರೆ ಈಗ ಏನು ಬದಲಾಯಿತು?" ಎಂದೆ. ಎಷ್ಟು ಮೊಂಡು ಪ್ರಶ್ನೆ.

ಗೋಡೆಯ ಮೇಲೆ ಇಬ್ಬರು ಹೆಂಗಸರ ಫೋಟೊ ಇತ್ತು, ಒಬ್ಬರು ವಯಸ್ಸಾದವರು, ಇನ್ನೊಬ್ಬಳು ಇಪ್ಪತ್ತು ದಾಟದವಳು. "ಇವರು ನನ್ನ ತಾಯಿ. ಇವಳು ತಂಗಿ. ಇಂಡಿಯಾದ ಸೈನ್ಯ ಬಂದ ಜುಲೈಯಲ್ಲಿ ಅಮ್ಮ ಅಂಗಳದ ನಂದಿಬಟ್ಟಲು ಎಲ್ಲ ಕೊಯ್ದು ಹಾರ ಕಟ್ಟಿ ರಸ್ತೆಗೆ ಹೋದಳು. ಯಾರ ಕೊರಳಿಗೆ ಹಾಕಿದಳೋ, ಮುಖ ನೋಡಿಟ್ಟುಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಶೆಲ್ ಬಿದ್ದು ತಂಗಿ ಹೋದಳು. ಯಾವ ಕಡೆಯದು ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಅಜ್ಜನದು ಎಂದು ನಾನು ಹೇಳುವುದಿಲ್ಲ. ಆದರೆ ಮೊನ್ನೆ ನೂರಾರು ಜನರ ಎದುರು, ಅವರು ಯುದ್ಧ ಮಾಡಿದ್ದಕ್ಕೆ ಶಾಲು ಹೊದಿಸಿದ್ದು ನಾನು. ಕೈ ಮುಗಿದದ್ದು ನಾನು. ನನ್ನ ತಮ್ಮ ಕೆನಡಾದಿಂದ ಫೇಸ್‌ಬುಕ್ಕಿನಲ್ಲಿ ನೋಡಿ ಫೋನು ಮಾಡಿದ. ಏನು ಹೇಳಲಿ ಅವನಿಗೆ? ಗೊತ್ತಿಲ್ಲದ ಹಾಗೆ ಇರುವುದಕ್ಕೆ ಇಬ್ಬರಿಗೂ ಆರು ಬೇಸಿಗೆ ಬೇಕಾಯಿತು. ಇನ್ನು ಆಗುವುದಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮಮ್ಮ ಹೇಳುತ್ತಿದ್ದರು. ಆಡಿದವಳು ನಾನು, ಹೋದದ್ದು ಅಜ್ಜಯ್ಯನದು.

ಸೆಪ್ಟೆಂಬರಿನಲ್ಲಿ ಅವರನ್ನು ಅರ್ಲಾಂಡಾ ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಚೆಕ್-ಇನ್‌ಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತಿದ್ದೆವು. ಕುಗದಾಸನ್ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಹೇಳದೆ ಇದ್ದರೆ ಇನ್ನೊಂದು ಮೋಸವಾಗುತ್ತಿತ್ತು. ನಂದಿಬಟ್ಟಲಿನ ಹಾರದ ಮಾತು ಬಂದಾಗ ಅವರು ಕಣ್ಣು ಮುಚ್ಚಿಕೊಂಡರು.

"ನಂಗೂ ಹಾಕಿದ್ರ್," ಎಂದರು. "ಲಾರಿ ನಿಲ್ಸಿ, ಮೆಟ್ಟಿಲ್ ಹತ್ತಿ ಹಾಕಿದ್ಲ್ ಒಬ್ಳ್. ಕಂಕುಳಲ್ಲ್ ಒಂದ್ ಮಗು. ನಮ್ಮನ್ನ್ ಕಾಪಾಡುಕೆ ಬಂದ್ರಲೆ ಅಂದ್ಲ್. ಅಕ್ಟೋಬರಲ್ಲಿ ಮನೆ ಬಿಟ್ಟ್ ಬಂದವ್ರೆಲ್ಲ ಒಂದ್ ದೇವಸ್ಥಾನದೊಳ್ಗೆ ಇದ್ದಿರ್. ನಾನ್ ಅಕ್ಕಿ ತಕಂಡ್ ಹೋದೆ. ಸಾಲಲ್ಲಿ ಅವ್ಳ್ ಇದ್ದಿದ್ಲ್. ನನ್ನ್ ಕಂಡ್ಲ್. ಗುರ್ತ್ ಸಿಕ್ಕಿತ್. ಪಾತ್ರೆ ಅಲ್ಲೇ ಇಟ್ಟ್, ಮಗು ಎತ್ಕಂಡ್, ಅಕ್ಕಿ ತಕಣದೆ ಹೋದ್ಲ್. ಎರಡ್ ದಿನದಿಂದ ಊಟ ಇಲ್ದಿದ್ ಮಗು ಅದ್."

ಪಾಸ್‌ಪೋರ್ಟು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡರು.

"ನಾನ್ ಒಂದ್ ಗುಂಡ್ ಹಾರ್ಸಲಿಲ್ಲೆ ಲಾವಣ್ಯಾ. ಆದ್ರೆ ಬೆಳಿಗ್ಗೆ ಗುಂಡ್ ತಕಂಡ್ ಹೋದದ್ದೂ ಅದೇ ಲಾರಿ, ಮಧ್ಯಾಹ್ನ ಅಕ್ಕಿ ತಕಂಡ್ ಹೋದದ್ದೂ ಅದೇ ಲಾರಿ. ಅವ್ಳಿಗೆ ಅದ್ ಗೊತ್ತಿತ್ತ್. ನಿಂಗೆ ನಾನ್ ಬ್ಯಾಡ ಅಂದ್ರೆ ಬ್ಯಾಡ ಅಂತ ತಿಳೀಲಿಲ್ಲೆ."

ಬೈಗುಳ ಎಂದರೆ ಅಷ್ಟೇ. ಆಮೇಲೆ ಎದ್ದು, ನನ್ನ ತಲೆ ಸವರಿ, ಸಾಲಿನಲ್ಲಿ ನಿಂತರು. ಸೂಟ್‌ಕೇಸಿನಲ್ಲಿ ಅವರು ಆ ಶಾಲನ್ನು ಒಯ್ದಿರಲಿಲ್ಲ. ನನ್ನ ಕಪಾಟಿನಲ್ಲಿ ಮಡಿಸಿಟ್ಟು ಹೋಗಿದ್ದರು.

ಮರುವರ್ಷ ಫೆಬ್ರವರಿಯಲ್ಲಿ ಬೈಂದೂರಿನ ಮನೆಯಲ್ಲಿ ಅವರು ತೀರಿಕೊಂಡರು. ನಾನು ತಲುಪುವಾಗ ಹೆಣ ಅಂಗಳದಲ್ಲಿತ್ತು. ಮಾಜಿ ಸೈನಿಕರ ಸಂಘದವರು ದೊಡ್ಡ ಹಾರ ತಂದು ಹಾಕಿದ್ದರು. ನಾನು ಎಲ್ಲರ ಎದುರೇ ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಸ್ವೀಡನ್ನಿಗೆ ಹೋಗಿ ಸೊಕ್ಕು ಬಂದಿದೆ ಎಂದು ಜನ ಮಾತಾಡಿಕೊಂಡರು. ಮಾತಾಡಿಕೊಳ್ಳಲಿ.

ವಾಪಸು ಬಂದ ವಾರ ಕುಗದಾಸನ್ ಅವರ ಮನೆಯ ಬೆಲ್ ಒತ್ತಿದೆ. ಅವರು ಬಾಗಿಲು ತೆಗೆದು ನಿಂತರು, ಒಳಗೆ ಕರೆಯಲಿಲ್ಲ. ಸುದ್ದಿ ಹೇಳಿದೆ. ಅಜ್ಜಯ್ಯನ ಮೇಜಿನ ಖಾನೆಯಲ್ಲಿ ಸಿಕ್ಕ ಹರಿವೆ ಬೀಜದ ಪೊಟ್ಟಣ ಕೊಟ್ಟೆ. ಅದರ ಮೇಲೆ 'ಜೂನ್' ಎಂದೂ ಆ ವರ್ಷವನ್ನೂ ಪೆನ್ಸಿಲಿನಲ್ಲಿ ಬರೆದಿದ್ದರು. ವೀಸಾಕ್ಕೆ ಅರ್ಜಿ ಹಾಕಬೇಡ ಎಂದು ನನಗೆ ಹೇಳಿದವರೇ ಅದನ್ನು ಕಟ್ಟಿಟ್ಟಿದ್ದರು. ಕುಗದಾಸನ್ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವರದು ಯಾವ ಊರು?" ಎಂದು ಕೇಳಿದರು.

"ಬೈಂದೂರು. ಸಮುದ್ರದ ದಂಡೆ."

"ಬೈಂದೂರು," ಎಂದು ತಮ್ಮಷ್ಟಕ್ಕೆ ಒಂದು ಸಲ ಹೇಳಿಕೊಂಡರು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಊರು ಯಾವುದು?" ಎಂದೆ.

"ಅದನ್ನು ನಿಮ್ಮ ಅಜ್ಜ ಒಂದು ದಿನವೂ ಕೇಳಲಿಲ್ಲ," ಎಂದರು ಅವರು. "ನೀವೂ ಕೇಳಬೇಡಿ."

ಪೊಟ್ಟಣ ಅವರ ಕೈಯಲ್ಲೇ ಉಳಿಯಿತು, ಬಾಗಿಲು ಮೆಲ್ಲನೆ ಮುಚ್ಚಿತು. ಈ ಸಲ ನಾನು ಎರಡನೆಯ ಸಲ ಕೇಳಲು ಹೋಗಲಿಲ್ಲ.